ಬೆಣ್ಣೆ ದೋಸೆ, ಮಂಡಕ್ಕಿ ಇಟ್ಕೊಂಡು ಚಿಕ್ಕ ಮಕ್ಕಳಿಗೆ ಮಾತು ಕಲಿಸೋದು ಹೆಂಗೆ

ಚಿಕ್ಕ ಮಕ್ಕಳಿರೋ ಎಷ್ಟೋ ಮನೆ ಗೋಡೆ ಮೇಲೆ ಹಣ್ಣು ತರಕಾರಿ ಚಾರ್ಟ್ ಇರ್ತದೆ. ಅಪ್ಪನೋ ಅಮ್ಮನೋ ಬೆರಳಿಟ್ಟು ಇದೇನು ಪುಟ್ಟ, ಇದೇನು ಅಂತ ಕೇಳ್ತಾರೆ, ಮಗು ಆಪಲ್, ಬನಾನ, ಮ್ಯಾಂಗೋ ಅಂತ ಪಟಪಟ ಹೇಳಿ ಶಹಬ್ಬಾಸ್ ಅನ್ನಿಸ್ಕೊಳ್ತದೆ. ಹೆಸರು ಬರೋದು ಒಳ್ಳೇದೇ, ಬೇಡ ಅಂತಿಲ್ಲ. ಆದ್ರೆ ಅದೇ ಮಗುನ ಬೆಳಿಗ್ಗೆ ದೋಸೆ ಹೆಂಗಿತ್ತು, ಅಮ್ಮ ಹೆಂಗೆ ಮಾಡಿದ್ರು ಹೇಳು ಅಂದ್ರೆ "ಚೆನ್ನಾಗಿತ್ತು" ಅಂದು ಓಡಿ ಹೋಗ್ತದೆ. ಯಾಕಂದ್ರೆ ಚಾರ್ಟಲ್ಲಿ ಬರೀ ಹೆಸರಿರ್ತಾವೆ, ನೆನೆಸೋದು, ರುಬ್ಬೋದು, ಉಬ್ಬೋದು, ಕರಗೋದು, ಗರಿಗರಿ, ಒಗರು, ಮೊದಲು, ಆಮೇಲೆ, ಅದಕ್ಕೇ ಅನ್ನೋವೆಲ್ಲ ಇರೋದು ಅಡುಗೆಮನೇಲಿ.

ದಾವಣಗೆರೇಲಿ ಇರೋರಿಗಂತೂ ಇದಕ್ಕೆ ಸಾಮಾನು ಹುಡುಕ್ಕೊಂಡು ಹೋಗೋ ಕೆಲಸಾನೇ ಇಲ್ಲ, ಬೆಣ್ಣೆ ದೋಸೆ ಐತೆ, ಮಂಡಕ್ಕಿ ಐತೆ, ಮಿರ್ಚಿ ಐತೆ. ನಾನು ಎಲ್‌ಕೆಜಿ ಯುಕೆಜಿ ಮಕ್ಕಳ ಜೊತೆ ಇದನ್ನ ಮಾಡ್ಕೊಂಡು ಬಂದಿರೋಳು. ಮನೇಲಿ ಒಂದೇ ಮಗು ಇದ್ರೂ ಸರಿ, ಅಂಗನವಾಡೀಲಿ ಒಂದು ಕೋಣೆ ತುಂಬ ಮಕ್ಕಳಿದ್ರೂ ಸರಿ, ಮಾಡೋಕೆ ಬರೋ ಹಾಗೆ ಹೆಜ್ಜೆ ಹೆಜ್ಜೆಯಾಗಿ ಬರೀತೀನಿ. 3 ರಿಂದ 6 ವರ್ಷದವರಿಗೆ ಸರಿಹೋಗ್ತದೆ.

ಹೆಜ್ಜೆ 1: ವಾರಕ್ಕೆ ಒಂದೇ ತಿಂಡಿ

ಸೋಮವಾರ ಹಣ್ಣು, ಮಂಗಳವಾರ ತರಕಾರಿ, ಬುಧವಾರ ಸ್ವೀಟು ಅಂತ ಓಡಬೇಡ್ರಿ. ಮಗುಗೆ ಒಂದು ಪದ ನಾಲಿಗೆ ಮೇಲೆ ಕೂರಬೇಕಾದ್ರೆ ಅದೇ ಪದ ಬೇರೆ ಬೇರೆ ಹೊತ್ತಲ್ಲಿ, ಬೇರೆ ಬೇರೆ ವಾಕ್ಯದಲ್ಲಿ ಕಿವಿಗೆ ಬೀಳ್ತಾ ಇರಬೇಕು. ಒಂದು ವಾರ ಪೂರ್ತಿ ದೋಸೆ. ಅಂದ್ರೆ ವಾರವೆಲ್ಲ ದೋಸೆನೇ ತಿನ್ನಿಸ್ರಿ ಅಂತಲ್ಲ, ಮಾತು ದೋಸೆ ಸುತ್ತ ಇರಲಿ. ಒಂದಿನ ಅಕ್ಕಿ ಬೇಳೆ ಮುಟ್ಟಿ ನೋಡೋದು, ಒಂದಿನ ನೆನೆಸೋದು ರುಬ್ಬೋದು, ಮಾರನೇ ದಿನ ಹುಯ್ಯೋದು, ಆಮೇಲೆ ಹೋಟ್ಲು ಆಟ. ಇದರ ಮುಂದಿನ ವಾರ ಮಂಡಕ್ಕಿ.

ಶುರು ಮಾಡೋಕೆ ಮುಂಚೆ ಎರಡು ಜೋಪಾನ. ಐದು ವರ್ಷದ ಒಳಗಿನ ಮಕ್ಕಳ ಕೈಗೆ ಇಡೀ ಶೇಂಗಾ ಬೀಜ, ಗಟ್ಟಿ ಕಾಳು ತಿನ್ನೋಕೆ ಕೊಡಬೇಡ್ರಿ, ಗಂಟಲಿಗೆ ಸಿಕ್ಕಿಕೊಳ್ತಾವೆ. ಮಂಡಕ್ಕಿ ಆದ್ರೂ ಓಡಾಡ್ತಾ ನಗ್ತಾ ತಿನ್ನೋದು ಬೇಡ, ಕೂತ್ಕೊಂಡೇ ತಿನ್ನಲಿ. ಇನ್ನೊಂದು, ಒಲೆ ಹತ್ರ ಮಗು ನಿಲ್ಲೋ ಜಾಗ ಮೊದಲೇ ಗೊತ್ತು ಮಾಡ್ರಿ, ಚಾಕ್‌ಪೀಸಲ್ಲಿ ನೆಲದ ಮೇಲೆ ಗೆರೆ ಎಳೆದು "ಗೆರೆ ಆ ಕಡೆ ಬಿಸಿ, ಗೆರೆ ಈ ಕಡೆ ನೀನು" ಅಂತ ಹೇಳಿ. ಇದೂ ಮಾತೇ ಅಲ್ವಾ, ಆ ಕಡೆ ಈ ಕಡೆ, ಹತ್ರ ದೂರ.

ಹೆಜ್ಜೆ 2: ಮೊದಲು ಕೈ, ಮೂಗು, ಕಿವಿ

ಪಾತ್ರೆಗಳಲ್ಲಿ ಅಕ್ಕಿ, ಉದ್ದಿನಬೇಳೆ, ಮೆಂತ್ಯ, ಮಂಡಕ್ಕಿ ಇಡ್ರಿ. ನಮ್ಮ ಕಡೆ ಬೆಣ್ಣೆ ದೋಸೆ ಹಿಟ್ಟಿಗೆ ಮಂಡಕ್ಕಿನೂ ಹಾಕಿ ರುಬ್ತಾರಲ್ಲ, ಅದಕ್ಕೆ ಅದೂ ಇರಲಿ. ಮಗು ಕೈ ಹಾಕಿ ಆಡಲಿ. ಇದೇನು ಅಂತ ಕೇಳಬೇಡ್ರಿ, ನೀವೇ ಹೇಳ್ತಾ ಹೋಗ್ರಿ. "ಅಬ್ಬಾ ಅಕ್ಕಿ ತಣ್ಣಗೆ ಐತೆ, ಕೈಯಿಂದ ಸರಸರ ಜಾರ್ತದೆ ನೋಡು. ಮಂಡಕ್ಕಿ ಹಗುರ, ಊದಿದ್ರೆ ಹಾರಿ ಹೋಗ್ತದೆ. ಮೆಂತ್ಯದ ಪುಡಿ ಚೂರೇ ಚೂರು ನಾಲಿಗೆ ಮೇಲೆ ಇಟ್ಟು ನೋಡ್ತೀಯಾ? ಕಹಿನಾ?" ಆ ಮುಖ ಕಿವುಚಿದಾಗ ಕಹಿ ಅನ್ನೋ ಪದ ಒಳಗೆ ಇಳೀತು ಅಂತಲೇ ಅರ್ಥ.

ರುಚಿಗಳು ನಮ್ಮಲ್ಲಿ ಆರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಮಕ್ಕಳಿಗೆ ಮೊದಲಿನ ನಾಲ್ಕು ಬೇಗ ಬರ್ತಾವೆ, ಒಗರು ಮಾತ್ರ ಬಾಯಿಮಾತಲ್ಲಿ ಹೇಳಿದ್ರೆ ಗೊತ್ತಾಗಲ್ಲ, ನೆಲ್ಲಿಕಾಯಿನೋ ಎಳೇ ಪೇರಲಕಾಯಿನೋ ಚೂರು ಕಚ್ಚಿಸಬೇಕು. ಮುಟ್ಟಿದಾಗ ಹೆಂಗಿದೆ ಅನ್ನೋಕಂತೂ ನಮ್ಮ ಭಾಷೇಲಿ ಎಷ್ಟು ಪದ ಅದಾವೆ ನೋಡ್ರಿ, ನುಣ್ಣಗೆ, ತರಿತರಿ, ಅಂಟಂಟು, ಜಿಗುಟು, ಮೆತ್ತಗೆ, ಗಟ್ಟಿ, ನೀರುನೀರು, ಗರಿಗರಿ. ದೋಸೆ ಹಿಟ್ಟೊಂದರಲ್ಲೇ ಇವುಗಳಲ್ಲಿ ಮುಕ್ಕಾಲು ಸಿಗ್ತಾವೆ, ಅರ್ಧ ರುಬ್ಬಿದಾಗ ತರಿತರಿ, ಪೂರ್ತಿ ರುಬ್ಬಿದಾಗ ನುಣ್ಣಗೆ, ಕೈಗೆ ಮೆತ್ತಿದಾಗ ಅಂಟಂಟು.

ಸದ್ದಿನ ಪದಗಳನ್ನ ಮರೀಬೇಡ್ರಿ. ಸಾಸಿವೆ ಚಟಪಟ, ಹಂಚಿನ ಮೇಲೆ ಹಿಟ್ಟು ಚುಂಯ್, ಸಾರು ಕೊತಕೊತ, ನೀರು ಗಟಗಟ, ಮಂಡಕ್ಕಿ ಕುರುಕುರು. ಇನ್ನೂ ಸರಿಯಾಗಿ ಮಾತು ಬರದ ಮಗುನೂ ಇವನ್ನ ಮೊದಲು ಹಿಡ್ಕೊಳ್ತದೆ, ಯಾಕಂದ್ರೆ ಹೇಳೋದೇ ಒಂದು ಆಟ. ಕಣ್ಣು ಮುಚ್ಚಿಸಿ ಸದ್ದು ಮಾಡಿ "ಯಾವುದು ಹೇಳು" ಅಂತ ಆಡಿಸ್ರಿ, ಡಬ್ಬಿಯೊಳಗೆ ಅಕ್ಕಿ ಅಲ್ಲಾಡಿಸಿದ್ರೆ ಒಂದು ಸದ್ದು, ಮಂಡಕ್ಕಿ ಅಲ್ಲಾಡಿಸಿದ್ರೆ ಇನ್ನೊಂದು. ಕಿವಿಗೊಟ್ಟು ಕೇಳೋ ಅಭ್ಯಾಸ ಆಗದೆ ಮಾತು ಬರಲ್ಲ.

ಹೆಜ್ಜೆ 3: ಕೆಲಸ ಮಾಡ್ತಾ ಮಾತಾಡೋದು, ಇದೇ ಮುಖ್ಯ

ನೀವು ಏನೂ ಮಾಡ್ಲಿಲ್ಲ ಅಂದ್ರೂ ಇದೊಂದು ಮಾಡ್ರಿ ಸಾಕು ಅಂತೀನಿ. ನಾಲ್ಕು ಬಟ್ಟಲು ಅಕ್ಕಿ, ಒಂದು ಬಟ್ಟಲು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಅಳೆಯೋದು ಮಗುನೇ. ಪ್ರತಿ ಕೆಲಸಾನೂ ಮೂರು ಸಲ ಬಾಯಲ್ಲಿ ಬರಲಿ. ಮಾಡೋಕೆ ಮುಂಚೆ "ಈಗ ಅಕ್ಕಿ ತೊಳೀತೀವಿ", ಮಾಡ್ತಾ ಇರೋವಾಗ "ತೊಳೀತಾ ಇದೀವಿ, ನೀರು ಬೆಳ್ಳಗಾಯ್ತು ನೋಡು", ಮುಗಿದ ಮೇಲೆ "ತೊಳೆದ್ವಿ, ಈಗ ನೀರು ಬಸಿಯೋಣ". ವ್ಯಾಕರಣ ಪುಸ್ತಕದಲ್ಲಿ ಮೂರು ಕಾಲ ಅಂತ ದೊಡ್ಡೋರಾದ ಮೇಲೆ ಓದ್ತಾರಲ್ಲ, ಅದನ್ನ ನಾಲ್ಕು ವರ್ಷದ ಮಗು ಸಿಂಕ್ ಹತ್ರ ನಿಂತ್ಕೊಂಡೇ ಕಲೀತದೆ.

ಅಡುಗೆಯ ಕ್ರಿಯಾಪದಗಳ ಪಟ್ಟಿ ಮಾಡೋಕೆ ಕೂತ್ರೆ ಮುಗಿಯಲ್ಲ: ಕೇರೋದು, ಸೋಸೋದು, ಬಸಿಯೋದು, ನೆನೆಸೋದು, ರುಬ್ಬೋದು, ಅರೆಯೋದು, ಕುಟ್ಟೋದು, ಕಲಸೋದು, ನಾದೋದು, ಲಟ್ಟಿಸೋದು, ತಟ್ಟೋದು, ಹುಯ್ಯೋದು, ಮಗುಚೋದು, ಹುರಿಯೋದು, ಕರಿಯೋದು, ಸುಲಿಯೋದು, ಬಿಡಿಸೋದು, ಹೆಚ್ಚೋದು, ತುರಿಯೋದು, ಕಡೆಯೋದು. ಈಗ ಎಷ್ಟೋ ಮನೇಲಿ ಇವೆಲ್ಲ "ಕಟ್ ಮಾಡು, ಮಿಕ್ಸ್ ಮಾಡು, ಫ್ರೈ ಮಾಡು" ಅಂತ ಮೂರಕ್ಕೇ ಇಳಿದಾವೆ. ಇಂಗ್ಲಿಷ್ ಪದ ಬಂತು ಅಂತ ನಂಗೆ ಸಿಟ್ಟಿಲ್ಲ, ಆದ್ರೆ ಹಿಟ್ಟು ಕಲಸೋದು ಬೇರೆ ನಾದೋದು ಬೇರೆ, ಕೈಯೂ ಬೇರೆ ಥರ ಓಡಾಡ್ತದೆ, ಆ ವ್ಯತ್ಯಾಸ ಮಗುಗೆ ಕಾಣಬೇಕಾದ್ರೆ ಪದ ಬೇಕೇ ಬೇಕು. ಅಜ್ಜಿ ಮನೇಲಿದ್ರೆ ಈ ಹೆಜ್ಜೆ ಅವರಿಗೇ ಬಿಡ್ರಿ. ಜೋಳದ ರೊಟ್ಟಿ ತಟ್ತಾ ಅಜ್ಜಿ ಮಾತಾಡೋದನ್ನ ಮಗು ಕೂತ್ಕೊಂಡು ಕೇಳಿದ್ರೆ ಯಾವ ಫ್ಲ್ಯಾಶ್‌ಕಾರ್ಡೂ ಬೇಕಿಲ್ಲ.

ಇನ್ನೊಂದು ಸೂಕ್ಷ್ಮ ಐತೆ, ಇದನ್ನ ಬಹಳ ಜನ ಗಮನಿಸಲ್ಲ. ಬೇಳೆ ತಾನಾಗೇ ನೆಂದದ್ದು ಒಂದು, ನಾವು ನೆನೆಸಿದ್ದು ಇನ್ನೊಂದು. ಬೆಣ್ಣೆ ಕರಗ್ತು, ಬೆಣ್ಣೆ ಕರಗಿಸಿದ್ವಿ. ನೀರು ಕುದೀತು, ನೀರು ಕುದಿಸಿದ್ವಿ. ಆಲೂಗಡ್ಡೆ ಬೆಂತು, ಆಲೂಗಡ್ಡೆ ಬೇಯಿಸಿದ್ವಿ. ಯಾರು ಮಾಡಿದ್ದು, ಏನಾಗಿದ್ದು ಅನ್ನೋದನ್ನ ಕನ್ನಡ ಒಂದು ಚಿಕ್ಕ "ಇಸು"ನಲ್ಲಿ ಹೇಳಿಬಿಡ್ತದೆ. ಎಷ್ಟೋ ಮಕ್ಕಳು "ಅಮ್ಮ ಬೆಣ್ಣೆ ಕರಗ್ತು" ಅನ್ನೋ ಕಡೆ "ಅಮ್ಮ ಬೆಣ್ಣೆ ಕರಗಿಸ್ತು" ಅಂತಾರೆ, ತಲೆಕೆಡಿಸ್ಕೋಬೇಡ್ರಿ, ಬಿಸಿ ದೋಸೆ ಮೇಲೆ ಬೆಣ್ಣೆ ಮುದ್ದೆ ಇಟ್ಟು ಸುಮ್ನೆ ನೋಡೋಕೆ ಹೇಳ್ರಿ. "ನೋಡು ತಾನೇ ಕರಗ್ತಾ ಐತೆ." ಆಮೇಲೆ ಸೌಟಲ್ಲಿ ಬೆಣ್ಣೆ ಹಿಡಿದು "ಈಗ ನಾವು ಕರಗಿಸೋಣ" ಅನ್ರಿ. ಎರಡೂ ಕಣ್ಣೆದುರಿಗೆ ನಡೆದ್ರೆ ತಾನಾಗೇ ಸರಿಹೋಗ್ತದೆ.

ಅಕ್ಕಿ ಬೇಳೆ ಐದಾರು ಗಂಟೆ ನೆನೀಬೇಕು, ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಉಬ್ಬಬೇಕು, ಚಳಿಗಾಲ ಆದ್ರೆ ಇನ್ನೂ ಹೊತ್ತು. ಈ ಕಾಯೋ ಹೊತ್ತನ್ನ ವೇಸ್ಟ್ ಮಾಡಬೇಡ್ರಿ. ಪಾತ್ರೆ ಹೊರಗೆ ಹಿಟ್ಟು ಎಲ್ಲಿತನಕ ಐತೆ ಅಂತ ಒಂದು ಗೆರೆ ಹಾಕಿ, "ನಾಳೆ ಬೆಳಿಗ್ಗೆ ಏನಾಗಿರ್ತದೆ?" ಅಂತ ಕೇಳ್ರಿ. ಬೆಳಿಗ್ಗೆ ಎದ್ದ ತಕ್ಷಣ ಮಗು ಓಡಿ ಬಂದು "ಅಮ್ಮ ಹಿಟ್ಟು ಮೇಲೆ ಬಂದೈತೆ" ಅಂತದಲ್ಲ, ಯಾರೂ ಕೇಳದೆ ತಾನೇ ಹೇಳಿದ ಆ ವಾಕ್ಯ ಹತ್ತು ಪ್ರಶ್ನೆಗೆ ಕೊಟ್ಟ ಉತ್ತರಕ್ಕಿಂತ ಹೆಚ್ಚು.

ಹೆಜ್ಜೆ 4: ದೋಸೆ ಗೀಸೆ ಆಟ

ನಾವು ದಿನಾ ಆಡೋ ಮಾತು, ದೋಸೆ ಗೀಸೆ ಏನಾದ್ರೂ ಐತಾ, ಟೀ ಗೀ ಕುಡೀತೀರಾ. ಇದೇ ಒಂದು ಭರ್ಜರಿ ಆಟ. ನೀವು ಬೆಣ್ಣೆ ಅಂದ್ರೆ ಮಗು ಗಿಣ್ಣೆ ಅನ್ನಬೇಕು, ರೊಟ್ಟಿ ಅಂದ್ರೆ ಗಿಟ್ಟಿ, ಚಟ್ನಿ ಅಂದ್ರೆ ಗಿಟ್ನಿ, ಪಲ್ಯ ಅಂದ್ರೆ ಗಿಲ್ಯ, ಮಂಡಕ್ಕಿ ಅಂದ್ರೆ ಗಿಂಡಕ್ಕಿ, ಪೂರಿ ಅಂದ್ರೆ ಗೀರಿ. ನಗ್ತಾ ನಗ್ತಾ ಮಗು ಏನು ಮಾಡ್ತಾ ಐತೆ ನೋಡ್ರಿ, ಪದದ ಮೊದಲನೇ ಸದ್ದನ್ನ ಬಿಡಿಸಿ ತೆಗೆದು ಅಲ್ಲಿ ಬೇರೆ ಸದ್ದು ಕೂರಿಸ್ತದೆ, ಅದೂ ಮೊದಲಕ್ಷರ ದೀರ್ಘ ಇದ್ರೆ ಗೀ, ಹ್ರಸ್ವ ಇದ್ರೆ ಗಿ. ಓದು ಕಲಿಯೋಕೆ ಮುಂಚೆ ಕಿವಿಗೆ ಬೇಕಾಗಿರೋದು ಇದೇ ಶಕ್ತಿ, ಪದ ಒಂದು ಮುದ್ದೆ ಅಲ್ಲ, ಅದರೊಳಗೆ ತುಂಡು ಅದಾವೆ ಅಂತ ಗೊತ್ತಾಗೋದು.

ನಾಲ್ಕು ದಾಟಿದ ಮಕ್ಕಳಿಗೆ ಇದು ಚೆನ್ನಾಗಿ ಒಗ್ತದೆ. ಅದಕ್ಕಿಂತ ಚಿಕ್ಕೋರಿಗೆ ಚಪ್ಪಾಳೆ ಸಾಕು. ದೋ-ಸೆ ಎರಡು ಚಪ್ಪಾಳೆ, ಬೆ-ಣ್ಣೆ ಎರಡು, ಮಂ-ಡ-ಕ್ಕಿ ಮೂರು, ಒ-ಗ್ಗ-ರ-ಣೆ ನಾಲ್ಕು. ಮಕ್ಕಳು ಕಿವಿಗೆ ಕೇಳಿದ ಹಾಗೆ ಬೆಣ್-ಣೆ ಅಂತ ಒಡೀತಾರೆ, ತಪ್ಪಲ್ಲ, ಚಪ್ಪಾಳೆ ಲೆಕ್ಕ ಅಷ್ಟೇ ಬರ್ತದೆ.

ಒಗಟು ಕೂಡ ಇಲ್ಲೇ ಸೇರಿಸ್ಕೊಳ್ರಿ. ನಾವೇ ಕಟ್ಟಿದ್ರಾಯ್ತು. "ಒಳಗೆ ಹೋಗೋವಾಗ ಸಣ್ಣ, ಹೊರಗೆ ಬರೋವಾಗ ದಪ್ಪ, ಊದಿದ್ರೆ ಹಾರ್ತದೆ, ಅಗಿದ್ರೆ ಕುರುಕುರು, ಏನದು?" ಉತ್ತರ ಮಂಡಕ್ಕಿ. ಮೂರ್ನಾಲ್ಕು ಕೇಳಿದ ಮೇಲೆ ಮಕ್ಕಳೇ ಕಟ್ಟೋಕೆ ಶುರು ಮಾಡ್ತಾರೆ, ಉತ್ತರ ಒಗಟಲ್ಲೇ ಹೇಳಿಬಿಡ್ತಾರೆ, ಹೇಳಲಿ ಬಿಡ್ರಿ.

ಹೆಜ್ಜೆ 5: ಮೊದಲು ಏನು, ಆಮೇಲೆ ಏನು

ಮಂಡಕ್ಕಿ ವಾರದಲ್ಲಿ ಇದನ್ನ ಮಾಡ್ರಿ. ದಾವಣಗೆರೇಲಿ ಮಂಡಕ್ಕಿ ಭಟ್ಟಿಗಳು ಇರೋದರಿಂದ ಮಕ್ಕಳಿಗೆ ಇದು ಊರಿನದೇ ಕಥೆ. ಭತ್ತ ನೆನೆಸ್ತಾರೆ, ಬೇಯಿಸ್ತಾರೆ, ಒಣಗಿಸ್ತಾರೆ, ಹೊಟ್ಟು ತೆಗೆದು ಅಕ್ಕಿ ಮಾಡ್ತಾರೆ, ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ, ಕಾದ ಮರಳಲ್ಲಿ ಹುರೀತಾರೆ, ಪಟಪಟ ಅರಳ್ತದೆ, ಜರಡಿ ಹಿಡಿದು ಮರಳು ಬೇರೆ ಮಾಡ್ತಾರೆ. ಒಂದೊಂದಕ್ಕೂ ಒಂದೊಂದು ಚೀಟಿ ಮೇಲೆ ನಿಮಗೆ ಬಂದ ಹಾಗೆ ಚಿತ್ರ ಬರೀರಿ. ಚೀಟಿ ಕಲಸಿಬಿಟ್ಟು ಮಗು ಕೈಲಿ ಸಾಲಾಗಿ ಜೋಡಿಸಿ ಕಥೆ ಹೇಳಿಸ್ರಿ. ಚಿಕ್ಕೋರಿಗೆ ಮೂರು ಚೀಟಿ ಸಾಕು, ಯುಕೆಜಿಯವರು ಆರು ತನಕ ಮಾಡ್ತಾರೆ. ಮೊದಲು, ಆಮೇಲೆ, ಅದಾದ ಮೇಲೆ, ಕೊನೆಗೆ, ಈ ನಾಲ್ಕು ಕೊಂಡಿ ಬಂದ್ರೆ ಮಗು ಕಥೆ ಹೇಳೋಕೆ ಶುರು ಮಾಡ್ತು ಅಂತ.

ಯಾಕೆ ಅನ್ನೋದಕ್ಕೂ ಮಂಡಕ್ಕಿನೇ ಒಳ್ಳೇದು. ಒಂದು ಬಟ್ಟಲಲ್ಲಿ ಮಂಡಕ್ಕಿ ತೆರೆದಿಡ್ರಿ, ಇನ್ನೊಂದನ್ನ ಡಬ್ಬೀಲಿ ಗಟ್ಟಿ ಮುಚ್ಚಿಡ್ರಿ, ಮಾರನೇ ದಿನ ಎರಡೂ ತಿನ್ನಿಸಿ. ಮಳೆಗಾಲದಲ್ಲಂತೂ ತೆರೆದಿಟ್ಟದ್ದು ಪೂರ್ತಿ ಮೆತ್ತಗೆ. "ಇದ್ಯಾಕೆ ಮೆತ್ತಗಾಯ್ತು?" ಅಂದ್ರೆ "ಮುಚ್ಚಿರಲಿಲ್ಲ ಅದಕ್ಕೆ" ಅಂತ ಬರ್ತದೆ. ಸ್ವಲ್ಪ ದಿನಕ್ಕೆ "ಮುಚ್ಚಿಟ್ಟಿದ್ರೆ ಗರಿಗರಿ ಇರ್ತಿತ್ತು" ಅನ್ನೋ ತನಕ ಹೋಗ್ತದೆ.

ಹೆಜ್ಜೆ 6: ಹೋಟ್ಲು ಆಟ

ಎಲ್ಲ ಹೆಜ್ಜೇಲೂ ನಂಗೆ ಹೆಚ್ಚು ಇಷ್ಟ ಇದೇ, ಮಕ್ಕಳಿಗೂ ಇದೇ. ಒಂದು ಟೇಬಲ್ಲೋ ಮಣೆಯೋ, ತಟ್ಟೆ, ಲೋಟ, ಒಂದು ಟವೆಲ್ಲು ಹೆಗಲ ಮೇಲೆ, ರಟ್ಟಿನಲ್ಲಿ ಕತ್ತರಿಸಿದ ದೋಸೆ, ಹಳದಿ ಕಾಗದ ಉಂಡೆ ಮಾಡಿ ಬೆಣ್ಣೆ. ಒಬ್ರು ಭಟ್ಟರು, ಒಬ್ರು ಸಪ್ಲೈಯರು, ಒಬ್ರು ಗಲ್ಲೆ ಮೇಲೆ, ಮಿಕ್ಕೋರು ಗಿರಾಕಿಗಳು.

ಇಲ್ಲಿ ಮಗುಗೆ ಬರೋ ಮೊದಲನೇ ಕಲಿಕೆ ನೀನು ನೀವು. ಮನೇಲಿ ಬೀದೀಲಿ ಬಾರಲೇ ಹೋಗಲೇ ಅಂತ ಆಡೋ ಮಕ್ಕಳು ಟವೆಲ್ಲು ಹೆಗಲಿಗೆ ಬಂದ ತಕ್ಷಣ "ಬರ್ರಿ ಸಾರ್, ಕೂತ್ಕೊಳ್ರಿ, ಏನು ಕೊಡ್ಲಿ" ಅಂತಾರೆ, ನಾವು ಹೇಳಿಕೊಡದೇನೇ. ದೊಡ್ಡೋರ ಜೊತೆ ಹೋಟ್ಲಿಗೆ ಹೋದಾಗ ಕೇಳಿಸ್ಕೊಂಡಿರೋದೆಲ್ಲ ಹೊರಗೆ ಬರ್ತದೆ. ಬೇಕು, ಬೇಡ, ಸಾಕು, ಇನ್ನೊಂದು, ಸ್ವಲ್ಪ ತಡೀರಿ, ಆಯ್ತು, ಮುಗೀತು, ಇಲ್ಲ ಸಾರ್ ಖಾಲಿ ಆಯ್ತು, ಇವೆಲ್ಲ ಒಂದೇ ಆಟದಲ್ಲಿ.

ಎರಡನೇದು ಲೆಕ್ಕದ ಮಾತು. ಎರಡು ದೋಸೆ ಅಂತೀವಿ, ಆದ್ರೆ ಇಬ್ರು ಬಂದಾರೆ ಅಂತೀವಿ. ಮೂರು ಟೀ, ಮೂರು ಜನ. ಮಕ್ಕಳು "ಎರಡು ಅಂಕಲ್ ಬಂದ್ರು" ಅನ್ನೋದು ಸಾಮಾನ್ಯ, ಗಲ್ಲೆ ಮೇಲೆ ಕೂತೋರು ನೀವಾಗಿ "ಇಬ್ರಾ? ಇಬ್ರಿಗೂ ದೋಸೆನಾ?" ಅಂತ ವಾಪಸ್ ಕೇಳಿದ್ರೆ ಸಾಕು.

ಮೂರನೇದು, ಬೇಕಾದ್ದನ್ನ ಬಿಡಿಸಿ ಹೇಳೋದು. ಗಿರಾಕಿ "ದೋಸೆ" ಅಂದ್ರೆ ಸಪ್ಲೈಯರು ಸುಮ್ನೆ ಕೊಡಬಾರದು, ಅದೇ ನಿಯಮ ಮಾಡ್ರಿ. "ಯಾವ ದೋಸೆ? ಖಾಲಿನಾ, ಓಪನ್ನಾ? ಬೆಣ್ಣೆ ಜಾಸ್ತಿನಾ ಕಮ್ಮಿನಾ? ಚಟ್ನಿ ಮೇಲೆ ಹಾಕ್ಲಾ ಪಕ್ಕದಲ್ಲಿ ಇಡ್ಲಾ?" (ಖಾಲಿ ಅಂದ್ರೆ ಒಳಗೆ ಏನೂ ತುಂಬದ ದೋಸೆ, ಓಪನ್ ಅಂದ್ರೆ ಮಡಿಸದೆ ಹಾಗೇ ಕೊಡೋದು.) ಆಗ ಮಗು "ನಂಗೆ ಒಂದು ಬೆಣ್ಣೆ ದೋಸೆ, ಗರಿಗರಿ ಇರಲಿ, ಪಲ್ಯ ಪಕ್ಕದಲ್ಲಿ ಇಡ್ರಿ, ಖಾರ ಬೇಡ" ಅನ್ನೋವಷ್ಟು ಉದ್ದಕ್ಕೆ ಬರ್ತದೆ. ನಾಚಿಕೆ ಮಗುನ ಗಿರಾಕಿ ಮಾಡಬೇಡ್ರಿ, ಭಟ್ಟರ ಪಾತ್ರ ಕೊಡ್ರಿ, ಸಪ್ಲೈಯರ್ ಕೂಗಿದ್ದನ್ನ ಕೇಳಿ ತಿರುಗಿ "ಎರಡು ಓಪನ್, ರೆಡಿ" ಅಂದ್ರೆ ಸಾಕಾಗ್ತದೆ. ಮುಖ ನೋಡಿ ಮಾತಾಡೋ ಕಷ್ಟ ಇರಲ್ಲ, ಧೈರ್ಯ ಅಲ್ಲಿಂದ ಬರ್ತದೆ.

ಹೆಜ್ಜೆ 7: ಮೆನು ಬೋರ್ಡಿಂದ ಅಕ್ಷರಕ್ಕೆ

ಹೋಟ್ಲು ಅಂದ್ಮೇಲೆ ಮೆನು ಬೇಕಲ್ಲ. ಮೊದಲನೇ ಮೆನೂಲಿ ಒತ್ತಕ್ಷರ ಇಲ್ಲದ ಪದ ಮಾತ್ರ: ದೋಸೆ, ವಡೆ, ಪೂರಿ, ಹಾಲು, ಟೀ. ಪಕ್ಕದಲ್ಲಿ ಚಿತ್ರ. ಅವು ಗುರುತು ಸಿಕ್ಕ ಮೇಲೆ ಅದೇ ಅಕ್ಷರಕ್ಕೆ ಅದೇ ಒತ್ತು ಇರೋವು, ಬೆಣ್ಣೆ, ಬೆಲ್ಲ, ಮಂಡಕ್ಕಿ. ಅದಾದ ಮೇಲೆ ಬೇರೆ ಒತ್ತು ಬರೋ ಇಡ್ಲಿ, ಚಟ್ನಿ, ಪಲ್ಯ. ಮಿರ್ಚಿನ ಕೊನೆಗೆ ಇಡ್ರಿ, ಯಾಕಂದ್ರೆ ರ್ ಕಿವಿಗೆ ಮೊದಲು ಕೇಳಿಸ್ತದೆ, ಬರೆಯೋವಾಗ ಚಿ ಆದ ಮೇಲೆ ಬರ್ತದೆ, ಮಕ್ಕಳಿಗೆ ಗೊಂದಲ ಆಗೋದು ಸಹಜ. ಬರೆಸೋಕೆ ಪೆನ್ಸಿಲ್ ಅವಸರ ಬೇಡ, ತಟ್ಟೇಲಿ ರವೆ ತೆಳ್ಳಗೆ ಹರಡಿ ಬೆರಳಲ್ಲಿ ಬರೀಲಿ. ಗಿರಾಕಿ ಆರ್ಡರ್ ಅಂತ ಸಪ್ಲೈಯರ್ ಮಗು ಚೀಟೀಲಿ ಗೀಚಿದ್ದು ಅಕ್ಷರ ಅಲ್ಲದಿದ್ರೂ "ಏನು ಬರೆದೆ ಓದು" ಅನ್ರಿ, ಓದ್ತದೆ.

ಮಾತು ತಪ್ಪಿದಾಗ

ನಾಲ್ಕು ವರ್ಷದ ಮಗು "ಲೊಟ್ಟಿ ಬೇಕು" ಅಂದ್ರೆ "ಲೊಟ್ಟಿ ಅಲ್ಲ ರೊಟ್ಟಿ, ಹೇಳು ರೊಟ್ಟಿ, ಸರಿಯಾಗಿ ಹೇಳು" ಅಂತ ಹಿಡ್ಕೋಬೇಡ್ರಿ. ರ, ಳ, ಷ ಇವೆಲ್ಲ ನಿಧಾನಕ್ಕೆ ಬರೋ ಸದ್ದುಗಳು. "ರೊಟ್ಟಿ ಬೇಕಾ? ಬಿಸಿ ರೊಟ್ಟಿ ಕೊಡ್ಲಾ, ರೊಟ್ಟಿಗೆ ಬೆಣ್ಣೆ ಹಚ್ಲಾ?" ಅಂತ ಸರಿ ಪದಾನ ಎರಡ್ಮೂರು ಸಲ ಕಿವಿಗೆ ಹಾಕಿ, ಒಂಚೂರು ಉದ್ದ ಮಾಡಿ ವಾಪಸ್ ಕೊಡ್ರಿ. ತಿನ್ನೋದನ್ನ ಅಡ ಇಟ್ಕೊಂಡು ಸರಿಯಾಗಿ ಹೇಳಿದ್ರೇನೇ ಕೊಡೋದು ಅನ್ನೋದನ್ನಂತೂ ದಯವಿಟ್ಟು ಮಾಡಬೇಡ್ರಿ, ಮಗು ಮಾತೇ ಬಿಟ್ಟು ಕೈಸನ್ನೆಗೆ ಹೋಗ್ತದೆ.

ಮನೇಲಿ ಉರ್ದುನೋ ಲಂಬಾಣಿನೋ ತೆಲುಗೋ ಆಡೋರು ಆ ಭಾಷೇಲೇ ಈ ಎಲ್ಲ ಆಟ ಆಡ್ರಿ, ಕನ್ನಡ ಹಿಂದೆ ಬೀಳ್ತದೆ ಅಂತ ಹೆದರಬೇಡ್ರಿ. ಒಂದು ಭಾಷೇಲಿ ಕಥೆ ಹೇಳೋಕೆ ಬಂದ ಮಗು ಇನ್ನೊಂದರಲ್ಲೂ ಬೇಗ ಹೇಳ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತೀಲೂ ಸಾಧ್ಯ ಆದ ಕಡೆ ಕನಿಷ್ಠ 5ನೇ ಕ್ಲಾಸಿನ ತನಕ ಮನೆಮಾತಲ್ಲೇ ಪಾಠ ಇರಲಿ ಅಂತ ಐತೆ.

ಎರಡು ವರ್ಷ ತುಂಬಿದ್ರೂ "ಹಾಲು ಬೇಕು", "ಅಪ್ಪ ಬಾ" ಥರ ಎರಡು ಪದ ಜೋಡಿಸದೆ ಇದ್ರೆ, ಹೆಸರು ಕೂಗಿದ್ರೆ ತಿರುಗಿ ನೋಡದಿದ್ರೆ, ಅಥವಾ ಬರ್ತಿದ್ದ ಮಾತು ನಿಂತು ಹೋದ್ರೆ, ಆಟ ಆಡಿಸ್ತಾ ಕಾಯೋದು ಬೇಡ. ಮಕ್ಕಳ ಡಾಕ್ಟರಿಗೆ ತೋರಿಸಿ ಮೊದಲು ಕಿವಿ ಟೆಸ್ಟ್ ಮಾಡಿಸ್ರಿ. ಮೈಸೂರಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇರೋದು. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ಮನೆಯವರು ಸಮಾಧಾನ ಹೇಳ್ತಾರೆ, ಆದ್ರೂ ಒಂದ್ಸಲ ತೋರಿಸಿಬಿಡ್ರಿ.

ಮುಂದಿನ ವಾರಗಳಿಗೆ

ದೋಸೆ ಮಂಡಕ್ಕಿ ಮುಗಿದ ಮೇಲೆ ಸುತ್ತಮುತ್ತ ಬೆಳೆಯೋದನ್ನೇ ತಗೊಳ್ರಿ. ಮೆಕ್ಕೆಜೋಳದ ತೆನೆ ಸುಲಿಯೋದು ಬಿಡಿಸೋದು ಬೆರಳಿಗೂ ಒಳ್ಳೇದು ಮಾತಿಗೂ ಒಳ್ಳೇದು: ಸಿಪ್ಪೆ, ಕೂದಲು, ಕಾಳು, ಸಾಲು, ದಿಂಡು. ನಮ್ಮ ಜಿಲ್ಲೆ 1997ರಲ್ಲಿ ಚಿತ್ರದುರ್ಗದಿಂದ ಬೇರೆ ಆಯ್ತು ನಿಜ, ಆದ್ರೆ ಆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ಶೇಂಗಾ ಇಲ್ಲದೆ ನಮ್ಮ ಚಟ್ನಿಪುಡಿ ಆಗಲ್ಲ, ಅದೊಂದು ವಾರ, ಕುಟ್ಟಿದ್ದು ಪುಡಿ ಮಾಡಿದ್ದು ಮಾತ್ರ ಮಕ್ಕಳ ಬಾಯಿಗೆ. ಈರುಳ್ಳಿ ವಾರದಲ್ಲಿ ಸಂತೆಗೆ ಕರ್ಕೊಂಡು ಹೋಗಿ, ಅಲ್ಲಿ ನೀವು ಸುಮ್ನಿದ್ದು ಮಗು ಕೈಲೇ "ಅರ್ಧ ಕೆಜಿ ಎಷ್ಟು ಅಣ್ಣಾ?" ಅಂತ ಕೇಳಿಸ್ರಿ, ಉತ್ತರ ಕೇಳಿಸ್ಕೊಂಡು ನಿಮಗೆ ಬಂದು ಹೇಳಲಿ. ಹಣ ಕೊಡೋದು ನೀವು, ಮಾತಾಡೋದು ಅದು.